ಬೇಲೆಕಾನದಿಂದ ಗೋಕರ್ಣ: ಹಾದಿ ಸಲೀಸು, ಲೆಕ್ಕ ತಪ್ಪಿದರೆ ಮಾತ್ರ ಕಷ್ಟ

ಗೋಕರ್ಣದ ಬಸ್ಸು ಹತ್ತುವವರಲ್ಲಿ ಈಗ ಎರಡು ಬಗೆ. ಒಂದು, ಮಹಾಬಲೇಶ್ವರನ ದರ್ಶನಕ್ಕೆ ಹೋಗುವವರು. ಇನ್ನೊಂದು, ಬೆನ್ನಿಗೆ ಚೀಲ ಏರಿಸಿಕೊಂಡು ಕಡಲ ಅಂಚಿನಲ್ಲಿ ನಡೆಯಲು ಹೋಗುವವರು. ಮೊದಲನೆಯವರಿಗೆ ಗರ್ಭಗುಡಿಯ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ ಅಂತ ಗೊತ್ತು. ಗೊತ್ತಿಲ್ಲದಿದ್ದರೆ ಕೇಳಿಕೊಂಡು ಹೋಗುತ್ತಾರೆ. ಎರಡನೆಯವರಿಗೆ ಕಡಲು ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆ ಅಂತ ಗೊತ್ತಿಲ್ಲ. ಕೇಳುವುದೂ ಇಲ್ಲ. ತಾಪತ್ರಯ ಶುರುವಾಗುವುದು ಇಲ್ಲೇ.

ನಡೆಯುವ ಆಸೆ ತಪ್ಪಲ್ಲ. ಹಾದಿಯೂ ಅಂಥ ಕಷ್ಟದ್ದಲ್ಲ. ಐವತ್ತು ದಾಟಿದವರೂ ನಡೆಯಬಹುದು, ಹತ್ತು ವರ್ಷದ ಹುಡುಗರೂ ನಡೆಯಬಹುದು. ಕಾಸಿನ ಖರ್ಚು ಕಡಿಮೆ. ಬೆಳಿಗ್ಗೆ ಕುಮಟಾ, ಅಂಕೋಲಾ ಬಿಟ್ಟರೆ ಸಂಜೆಗೆ ಮನೆ. ಆದರೂ ಈ ಹಾದಿಯಲ್ಲಿ ಕಾಲು ಮುರಿದುಕೊಳ್ಳುವವರು, ಕತ್ತಲಲ್ಲಿ ದಾರಿ ತಪ್ಪುವವರು, ನೀರಿಗಿಳಿದು ವಾಪಸ್ ಬಾರದವರು ಇದ್ದಾರೆ. ಪ್ರತಿ ಸೀಸನ್ನಿನಲ್ಲೂ ಅದೇ ಸುದ್ದಿ. ಊರಿನ ಹೆಸರು ಬೇರೆ, ವಯಸ್ಸು ಬೇರೆ, ಕಾರಣ ಮಾತ್ರ ಒಂದೇ. ಒಂದು ದಿನದ ನಡಿಗೆಗೆ ಮನೆಯಲ್ಲಿ ಕೂತು ಹಾಕಬೇಕಾದ ಅರ್ಧ ಗಂಟೆಯ ಲೆಕ್ಕವನ್ನು ಯಾರೂ ಹಾಕಲಿಲ್ಲ.

ಆ ಲೆಕ್ಕ ಏನು? ಹಾಕದಿದ್ದರೆ ನಷ್ಟ ನಡೆಯುವವನಿಗೆ ಮಾತ್ರವೇ, ಬಸ್ ಸ್ಟ್ಯಾಂಡಿನ ಎದುರು ಚಹದಂಗಡಿ ಇಟ್ಟವನಿಗೂ ಇದೆಯೇ? ಎರಡನ್ನೂ ಕೂಡಿಸಿ ನೋಡುವುದು ಒಳ್ಳೆಯದು.

ಹಾದಿ ಇರುವುದು ಹೀಗೆ

ಗೋಕರ್ಣ ಪೇಟೆಯ ಪಶ್ಚಿಮಕ್ಕೆ ದೊಡ್ಡ ಕಡಲತೀರ. ಅದರ ದಕ್ಷಿಣದ ತುದಿಗೆ ಗುಡ್ಡ, ಗುಡ್ಡದ ಮೇಲೆ ರಾಮತೀರ್ಥ. ಅಲ್ಲಿಂದ ಮುಂದೆ ಜಂಬಿಟ್ಟಿಗೆ ಕಲ್ಲಿನ ಬಯಲು. ಇಳಿದರೆ ಕುಡ್ಲೆ. ಕುಡ್ಲೆಯ ಆ ಕಡೆ ಮತ್ತೆ ಗುಡ್ಡ, ಇಳಿದರೆ ಓಂ ಬೀಚು. ಎರಡು ಬಿಲ್ಲು ಜೋಡಿಸಿಟ್ಟ ಹಾಗೆ ಇರುವ ದಂಡೆ, ನಡುವೆ ಬಂಡೆ. ಮೇಲಿಂದ ನೋಡಿದರೆ ಓಂಕಾರ ಕಾಣುತ್ತದೆ ಅಂತ ಆ ಹೆಸರು. ಓಂ ಬೀಚಿನ ದಕ್ಷಿಣದ ತುದಿಯಿಂದ ಕಾಲುಹಾದಿ ಹತ್ತಿ ಇಳಿದರೆ ಹಾಫ್ ಮೂನ್. ಅಲ್ಲಿಂದ ಬಂಡೆಗಳ ನಡುವೆ ಹತ್ತಿ ಹಾರಿ ಹೋದರೆ ಪ್ಯಾರಡೈಸ್. ಅದನ್ನೂ ದಾಟಿದರೆ ಬೇಲೆಕಾನ. ಮುಂದೆ ತದಡಿ ಬಂದರು, ಅಘನಾಶಿನಿ ಹೊಳೆಯ ಬಾಯಿ.

ಅಂದರೆ ಐದು ಮರಳದಂಡೆ, ನಡುನಡುವೆ ಗುಡ್ಡದ ಮೂಗು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುಮಾರು 7 ಕಿಲೋಮೀಟರು. ಒಂದು ದಂಡೆಯಿಂದ ಇನ್ನೊಂದಕ್ಕೆ ಇಪ್ಪತ್ತು ನಿಮಿಷ, ಹೆಚ್ಚೆಂದರೆ ನಲವತ್ತು. ನಿಲ್ಲದೆ ನಡೆದರೆ ಎರಡೂವರೆ ಗಂಟೆಯ ಕೆಲಸ. ಕೂತು, ಉಂಡು, ಫೋಟೋ ತೆಗೆದು, ಮರಳಲ್ಲಿ ಹೊರಳಾಡಿ ಬಂದರೂ ಐದಾರು ಗಂಟೆ ಸಾಕು. ಇದಕ್ಕೆ ಗೈಡು ಬೇಡ, ಹಗ್ಗ ಬೇಡ.

ಹೊಳೆ ದಾಟಿ ಹೋಗುವವರೂ ಇದ್ದಾರೆ. ತದಡಿಯಿಂದ ದೋಣಿಯಲ್ಲಿ ಆಚೆ ದಡದ ಅಘನಾಶಿನಿ ಊರಿಗೆ ಹೋಗಿ, ಅಲ್ಲಿಂದ ಕಾಗಾಲು, ಬಾಡ, ಕಡ್ಲೆ ಅಂತ ದಂಡೆ ಹಿಡಿದು ಕುಮಟಾ ತನಕ ಬರುವುದು. ಅದು ಬೇರೆಯೇ ನಡಿಗೆ. 20 ಕಿಲೋಮೀಟರಿಗೂ ಮೇಲೆ. ಎರಡು ದಿನ ಇಟ್ಟುಕೊಂಡವರು ಹೋಗಲಿ. ಭಾನುವಾರ ಬೆಳಿಗ್ಗೆ ಹೊರಟು ಸೋಮವಾರ ಅಂಗಡಿ ಬಾಗಿಲು ತೆಗೆಯಬೇಕಾದವರಿಗೆ ಗೋಕರ್ಣ-ಬೇಲೆಕಾನದ ಹಾದಿಯೇ ಲಾಯಕ್ಕು.

ತಿರುಗಿಸಿ ನಡೆದರೆ ಅರ್ಧ ಗೆದ್ದಂತೆ

ಎಲ್ಲರೂ ಮಾಡುವ ಒಂದು ಎಡವಟ್ಟು ಇದೆ. ಗೋಕರ್ಣದಲ್ಲಿ ಬಸ್ಸಿಳಿದು ಅಲ್ಲಿಂದಲೇ ನಡೆಯಲು ಶುರು ಮಾಡುವುದು. ಮೇಲ್ನೋಟಕ್ಕೆ ಸರಿಯೇ. ಬಸ್ಸು ಅಲ್ಲಿಗೇ ಬರುತ್ತದೆ, ಚಹ-ತಿಂಡಿ ಅಲ್ಲೇ ಸಿಗುತ್ತದೆ. ಆದರೆ ಹಾದಿಯ ಸ್ವಭಾವ ನೋಡಿ. ಕುಡ್ಲೆಗೆ ರಸ್ತೆ ಇದೆ. ಓಂ ಬೀಚಿಗೆ ಆಟೋ ಹೋಗುತ್ತದೆ. ಈ ಎರಡೂ ಕಡೆ ಹೊಟೇಲು ಇದೆ, ಜನ ಇದ್ದಾರೆ, ಸೀಸನ್ನಿನಲ್ಲಿ ಜೀವರಕ್ಷಕ ಸಿಬ್ಬಂದಿ ಇರುತ್ತಾರೆ. ಓಂ ಬೀಚು ದಾಟಿದ ಮೇಲೆ ಹಾಫ್ ಮೂನಿಗೂ ರಸ್ತೆ ಇಲ್ಲ, ಪ್ಯಾರಡೈಸಿಗೂ ಇಲ್ಲ. ಬಂಡೆಗಳ ನಡುವಿನ ಹಾದಿಯೂ ಅಲ್ಲೇ. ಅಂಗಡಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಫೋನಿನ ಸಿಗ್ನಲ್ಲೂ ಹಾಗೇ.

ಗೋಕರ್ಣದಿಂದ ಹೊರಟವರು ಏನು ಮಾಡುತ್ತಾರೆ? ತಂಪು ಹೊತ್ತನ್ನೆಲ್ಲ ಸುಲಭದ ಕುಡ್ಲೆ, ಓಂ ಬೀಚಿನಲ್ಲಿ ಕಳೆಯುತ್ತಾರೆ. ಮಧ್ಯಾಹ್ನ ಊಟ ಬಿಗಿಯಾಗಿ ಹೊಡೆದು ಎರಡು ಗಂಟೆಗೆ ಎದ್ದು, ಕಷ್ಟದ ಹಾದಿಯನ್ನು ಸುಡು ಬಿಸಿಲಲ್ಲಿ ಹಿಡಿಯುತ್ತಾರೆ. ಪ್ಯಾರಡೈಸ್ ತಲುಪುವಾಗ ನಾಲ್ಕು, ನಾಲ್ಕೂವರೆ. ನೀರಿನ ಬಾಟಲಿ ಖಾಲಿ. ಸೂರ್ಯಾಸ್ತ ನೋಡದೆ ಹೋದರೆ ಹೇಗೆ ಅಂತ ಅಲ್ಲೇ ಕೂರುತ್ತಾರೆ. ಡಿಸೆಂಬರಿನಲ್ಲಿ ಈ ಕಡೆ ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಅರ್ಧ ಗಂಟೆಯೊಳಗೆ ಕತ್ತಲು. ಆಮೇಲೆ ಬಂಡೆ ಕಾಣುವುದಿಲ್ಲ, ಹಾದಿ ಕಾಣುವುದಿಲ್ಲ, ದೋಣಿಯವನು ಮನೆಗೆ ಹೋಗಿರುತ್ತಾನೆ.

ಇದನ್ನೇ ತಿರುಗಿಸಿ. ಬೆಳಿಗ್ಗೆ ಗೋಕರ್ಣದಲ್ಲಿ ತಿಂಡಿ ಮುಗಿಸಿ, ಬಸ್ಸಿಗೋ ಆಟೋಗೋ ಬೇಲೆಕಾನಕ್ಕೆ ಹೋಗಿ, ಅಲ್ಲಿಂದ ಗೋಕರ್ಣದ ಕಡೆಗೆ ಮುಖ ಮಾಡಿ ನಡೆಯುವುದು. ಆಗ ರಸ್ತೆ ಇಲ್ಲದ ಕಷ್ಟದ ಭಾಗ ಮೊದಲೇ ಮುಗಿಯುತ್ತದೆ. ಮೈಯಲ್ಲಿ ಕಸುವು ಇರುತ್ತದೆ, ಬಾಟಲಿಯಲ್ಲಿ ನೀರು ಇರುತ್ತದೆ. ಬೆಳಗಿನ ಬಿಸಿಲು ಗುಡ್ಡದ ಬೆನ್ನಿಗಿರುವುದರಿಂದ ದಂಡೆಯಲ್ಲಿ ಸ್ವಲ್ಪ ನೆರಳೂ ಸಿಕ್ಕೀತು. ಎಂಟಕ್ಕೆ ಬೇಲೆಕಾನ ಬಿಟ್ಟರೆ ಒಂಬತ್ತಕ್ಕೆ ಪ್ಯಾರಡೈಸಿನಲ್ಲಿ ಕೂತು ಬಾಳೆಹಣ್ಣು ತಿನ್ನಬಹುದು. ಹತ್ತಕ್ಕೆ ಹಾಫ್ ಮೂನ್. ಹನ್ನೊಂದಕ್ಕೆ ಓಂ ಬೀಚು. ಬಿಸಿಲು ಏರುವ ಹೊತ್ತಿಗೆ ಸೂರಿನ ಕೆಳಗೆ ಊಟ. ಮೂರೂವರೆಗೆ ಎದ್ದರೆ ನಾಲ್ಕೂವರೆಗೆ ಕುಡ್ಲೆ. ಅಲ್ಲಿಂದ ರಾಮತೀರ್ಥದ ಗುಡ್ಡ ಹತ್ತಿ ಪೇಟೆಗೆ ಬಂದರೆ, ಗೋಕರ್ಣದ ದಂಡೆಯಲ್ಲೇ ಸೂರ್ಯಾಸ್ತ, ಬಸ್ ಸ್ಟ್ಯಾಂಡು ಕೂಗಳತೆ ದೂರ.

ಈ ಕಡೆಯಿಂದ ಬಂದರೆ ಇಡುವ ಪ್ರತಿ ಹೆಜ್ಜೆಯೂ ರಸ್ತೆಗೆ, ಅಂಗಡಿಗೆ, ಜನಕ್ಕೆ ಹತ್ತಿರ ಹತ್ತಿರ ಮಾಡುತ್ತದೆ. ಯಾರಿಗಾದರೂ ಕಾಲು ಉಳುಕಿದರೆ ಓಂ ಬೀಚಿನಲ್ಲಿ ಆಟೋ ಹತ್ತಿಸಿ ಕಳಿಸಬಹುದು. ಆ ಕಡೆಯಿಂದ ಹೋದರೆ ಪ್ರತಿ ಹೆಜ್ಜೆಯೂ ದೂರ ದೂರ. ಹಾದಿ ಅದೇ, ಕಲ್ಲು ಅದೇ. ದಿಕ್ಕು ಬದಲಾದರೆ ದಿನವೇ ಬದಲಾಗುತ್ತದೆ.

ಮೊದಲು ಪಂಚಾಂಗ, ಆಮೇಲೆ ಪ್ರಯಾಣ

ಬಸ್ಸಿಗೆ ವೇಳಾಪಟ್ಟಿ ಇದ್ದ ಹಾಗೆ ಕಡಲಿಗೂ ವೇಳಾಪಟ್ಟಿ ಇದೆ. ವ್ಯತ್ಯಾಸ ಇಷ್ಟೇ, ಕಡಲಿನದು ಲೇಟಾಗುವುದಿಲ್ಲ.

ಈ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಚಿಲ್ಲರೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಹೊತ್ತಿಗೆ ಎರಡೂ ಸಣ್ಣವು. ಮೀನುಗಾರರ ಮನೆಯ ಮಕ್ಕಳಿಗೆ ಇದು ಮಗ್ಗಿಗಿಂತ ಮೊದಲು ಬರುವ ಲೆಕ್ಕ. ಘಟ್ಟದ ಮೇಲಿನಿಂದ ಬಂದವರಿಗೆ ಮಾತ್ರ ಕಡಲು ಅಂದರೆ ಯಾವಾಗ ನೋಡಿದರೂ ಒಂದೇ ಕಡಲು.

ಇನ್ನೊಂದು ಸೂಕ್ಷ್ಮ ಇದೆ. ನೀರು ಆರು ಗಂಟೆಯೂ ಒಂದೇ ಸಮ ಏರುವುದಿಲ್ಲ. ಮೊದಲ ಗಂಟೆ ನಿಧಾನ, ಏರಿದ್ದೇ ತಿಳಿಯುವುದಿಲ್ಲ. ಮೂರನೆಯ, ನಾಲ್ಕನೆಯ ಗಂಟೆಯಲ್ಲಿ ಒಟ್ಟು ಏರಿಕೆಯ ಅರ್ಧದಷ್ಟು ಬಂದುಬಿಡುತ್ತದೆ. ಕೊನೆಯಲ್ಲಿ ಮತ್ತೆ ನಿಧಾನ. ಒಂದು ಗಂಟೆ ಕೂತು ನೋಡಿ, ನೀರು ಎಲ್ಲಿ ಬಂತು ಮಾರಾಯ ಅಂತ ನಕ್ಕವನು, ಎರಡು ಗಂಟೆ ಬಿಟ್ಟು ಬಂಡೆಯ ಮೇಲೆ ಸಿಕ್ಕಿಬೀಳುವುದು ಈ ಕಾರಣಕ್ಕೆ.

ಸರಿಯಾದ ಹಾದಿ ಗುಡ್ಡದ ಮೇಲಿಂದ ಹೋಗುತ್ತದೆ. ಆದರೆ ಗುಡ್ಡ ಹತ್ತುವ ಉದಾಸೀನಕ್ಕೆ ಇಳಿತದ ಹೊತ್ತಿನಲ್ಲಿ ಬಂಡೆ ಬಳಸಿ ಹೋಗುವ ಆಸೆ ಹುಟ್ಟುತ್ತದೆ. ಹೋಗುವಾಗ ಸಲೀಸು. ವಾಪಸ್ ಬರುವಾಗ ಅದೇ ಕಲ್ಲಿನ ಮೇಲೆ ಸೊಂಟದ ತನಕ ನೀರು, ಮೇಲಿಂದ ಅಲೆಯ ಹೊಡೆತ. ನೀರು ಹತ್ತಿ ಇಳಿಯುವ ಬಂಡೆಯ ಮೇಲೆ ಪಾಚಿ ಇರುತ್ತದೆ, ಒಣಗಿದಂತೆ ಕಂಡರೂ ಜಾರುತ್ತದೆ. ಹಾಗಾಗಿ ಬಂಡೆ ಬಳಸುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಬಂಡೆಗಳ ನಡುವೆಯೇ ಹೋಗಬೇಕಾದ ಹಾಫ್ ಮೂನ್-ಪ್ಯಾರಡೈಸ್ ನಡುವಿನ ತುಂಡನ್ನು ನೀರು ಇಳಿಯುತ್ತಿರುವಾಗ ದಾಟುವ ಹಾಗೆ ದಿನ ಆರಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ತಿಂಗಳ ವಿಷಯ. ನವೆಂಬರಿನಿಂದ ಫೆಬ್ರವರಿ ತನಕ ನಡೆಯುವ ಕಾಲ. ಮಾರ್ಚಿನಿಂದ ಸೆಕೆ ತಡೆಯಲಾಗದು, ಹತ್ತು ಗಂಟೆಯೊಳಗೆ ಮುಗಿಸುವ ಹಾಗಿದ್ದರೆ ಮಾತ್ರ ಸರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಸುದ್ದಿಯೇ ಬೇಡ. ಜೂನ್ ಮತ್ತು ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳೇ ಕಡಲಿಗೆ ಇಳಿಯುವ ಹಾಗಿಲ್ಲ. ಮೀನಿನ ಸಂತಾನದ ಸಲುವಾಗಿ ಇರುವ ನಿಷೇಧ ಅದು. ಆದರೂ ಹುಟ್ಟಿದಂದಿನಿಂದ ಕಡಲು ನೋಡಿದವರೇ ದಡದಲ್ಲಿ ಬಲೆ ಹೆಣೆಯುತ್ತ ಕೂರುವ ಕಾಲದಲ್ಲಿ, ಊರು ಗೊತ್ತಿಲ್ಲದವರು ಅಲೆಯ ಎದುರು ನಿಂತು ಸೆಲ್ಫಿ ತೆಗೆಯುವುದು ಯಾವ ಜಾಣತನ? ಮಳೆಗಾಲದಲ್ಲಿ ಹೆದರಬೇಕಾದ್ದು ಕಡಲೊಂದಕ್ಕೇ ಅಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲೆ ಬಿದ್ದದ್ದನ್ನು ಈ ಜಿಲ್ಲೆ ಮರೆಯುವ ಹಾಗಿಲ್ಲ. ಚಹದಂಗಡಿಯೇ ಕೊಚ್ಚಿಹೋಯಿತು. ನೆನೆದ ಗುಡ್ಡದ ಬುಡದಲ್ಲಿ ನಡೆಯುವುದು ಅಂದರೆ ಏನು ಅಂತ ಅದಕ್ಕಿಂತ ಬೇರೆ ಪಾಠ ಬೇಡ.

ಮಂಡಿಯುದ್ದ ನೀರಿನ ಮೋಸ

ಸಾಯುವವರಲ್ಲಿ ಎಷ್ಟೋ ಜನ ಈಜಲು ಹೋದವರಲ್ಲ. ಕಾಲು ತೊಳೆಯಲು ಹೋದವರು, ಅಲೆಯ ಜೊತೆ ಆಡಲು ಹೋದವರು. ಅಲೆ ದಡಕ್ಕೆ ತಂದು ಹಾಕಿದ ನೀರು ವಾಪಸ್ ಹೋಗಲೇಬೇಕಲ್ಲ? ಅದು ಎಲ್ಲ ಕಡೆ ಒಂದೇ ಸಮ ಹೋಗುವುದಿಲ್ಲ. ಮರಳಿನಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿ ಕಾಲುವೆಯ ಹಾಗೆ ಕೂಡಿಕೊಂಡು ನುಗ್ಗುತ್ತದೆ. ಅದೇ ಸೆಳೆತ. ಮೇಲಿಂದ ನೋಡಿದರೆ ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲ, ನೀರು ಶಾಂತವಾಗಿ ಕಾಣುತ್ತದೆ. ಗೊತ್ತಿಲ್ಲದವರು ಅಲ್ಲೇ ಇಳಿಯುತ್ತಾರೆ. ಬಂಡೆಯ ಪಕ್ಕದಲ್ಲಿ ಇಂಥ ಸೆಳೆತ ಜಾಸ್ತಿ. ಈ ಹಾದಿಯಲ್ಲಿ ಬಂಡೆ ಇಲ್ಲದ ದಂಡೆ ಯಾವುದಿದೆ?

ಸೆಳೆತಕ್ಕೆ ಸಿಕ್ಕವರು ದಡದ ಕಡೆಗೇ ಬಡಿದಾಡಿ ಸುಸ್ತಾಗಿ ಮುಳುಗುತ್ತಾರೆ. ಬಡಿದಾಡದೆ ತೇಲುತ್ತ, ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದರೆ ಸೆಳೆತದಿಂದ ಹೊರಗೆ ಬರಬಹುದು. ಇಷ್ಟು ಮಾತು ಗೊತ್ತಿದ್ದರೆ ಉಳಿಯುತ್ತಿದ್ದ ಜೀವಗಳು ಎಷ್ಟೋ. ಒಬ್ಬನನ್ನು ಉಳಿಸಲು ಈಜು ಬಾರದ ಇಬ್ಬರು ಹಾರಿ ಮೂವರೂ ಹೋಗುವುದು ಇನ್ನೊಂದು ಅನಾಹುತ. ಹಗ್ಗ, ಖಾಲಿ ಕ್ಯಾನು, ಏನು ಸಿಕ್ಕರೆ ಅದನ್ನು ಎಸೆಯಬೇಕು. ತಾವು ಹಾರಬಾರದು. ಜೀವರಕ್ಷಕರು ಸೀಟಿ ಊದಿದರೆ ವಾಪಸ್ ಬರಬೇಕು, ಜಗಳ ಆಡಬಾರದು. ಕುಡಿದು ನೀರಿಗಿಳಿಯುವವರಿಗೆ ಹೇಳುವ ಮಾತು ಏನೂ ಇಲ್ಲ.

ಚೀಲದಲ್ಲಿ ಏನಿರಬೇಕು?

ತಲೆಗೆ ಎರಡು ಲೀಟರು ನೀರು. ಇದರಲ್ಲಿ ಕಂಜೂಸಿ ಬೇಡ. ಕರಾವಳಿಯ ಸೆಕೆಯಲ್ಲಿ ಬೆವರು ಹರಿಯುವುದು ನೀರಾಗಿ ಮಾತ್ರ ಅಲ್ಲ, ಉಪ್ಪೂ ಹೋಗುತ್ತದೆ. ನಿಂಬೆಹಣ್ಣು, ಉಪ್ಪು, ಸಕ್ಕರೆ ಕಲಸಿದ ಒಂದು ಬಾಟಲಿ ಇದ್ದರೆ ಅಂಗಡಿಯ ಬಣ್ಣದ ನೀರಿನ ಗೊಡವೆ ಬೇಡ. ಚಪಾತಿ-ಪಲ್ಯ, ಅವಲಕ್ಕಿ, ಬಾಳೆಹಣ್ಣು. ಕೆಡುವ ಸಾಂಬಾರು-ಮೊಸರು ಬೇಡ. ತಲೆಗೆ ಟೋಪಿ, ಇಲ್ಲದಿದ್ದರೆ ಪಂಚೆಯೂ ಆದೀತು. ಕಾಲಿಗೆ ಹಿಂಬದಿ ಪಟ್ಟಿ ಇರುವ ಚಪ್ಪಲಿಯೋ ಬೂಟೋ ಇರಲಿ. ಹವಾಯಿ ಚಪ್ಪಲಿ ಹಾಕಿಕೊಂಡು ಬಂಡೆ ಹತ್ತುವವರು ಆಸ್ಪತ್ರೆಯ ವಿಳಾಸವನ್ನೂ ಜೊತೆಗೆ ಇಟ್ಟುಕೊಳ್ಳಲಿ. ಒಂದು ಬ್ಯಾಟರಿ, ಒಂದು ಸೀಟಿ, ಗಾಯಕ್ಕೆ ಕಟ್ಟಲು ಬಟ್ಟೆ. ಕಸ ವಾಪಸ್ ತರಲು ಒಂದು ಖಾಲಿ ಚೀಲ.

ಫೋನಿನಲ್ಲಿ ಮೂರು ನಂಬರು ಬರೆದಿಟ್ಟುಕೊಳ್ಳಬೇಕು. ತುರ್ತಿಗೆ 112. ಆಂಬುಲೆನ್ಸಿಗೆ 108. ಕರಾವಳಿ ಕಾವಲು ಪೊಲೀಸರಿಗೆ 1093. ಎಲ್ಲಕ್ಕಿಂತ ಮುಖ್ಯ, ಮನೆಯಲ್ಲಿ ಉಳಿದ ಒಬ್ಬರಿಗೆ ಹೇಳಿ ಹೋಗಬೇಕು: ಇಂಥ ಕಡೆಯಿಂದ ಇಂಥ ಕಡೆಗೆ, ಇಷ್ಟು ಜನ, ಸಂಜೆ ಇಷ್ಟು ಗಂಟೆಗೆ ಫೋನು ಬಾರದಿದ್ದರೆ ವಿಚಾರಿಸಿ ಅಂತ. ಕಾಸು ಖರ್ಚಿಲ್ಲದ ವಿಮೆ ಇದು.

ಇಷ್ಟೆಲ್ಲ ಎಚ್ಚರಿಕೆ ಎಂತಕ್ಕೆ ಅಂದರೆ, ಈ ಜಿಲ್ಲೆಯಲ್ಲಿ ಪೆಟ್ಟು ತಿನ್ನುವುದು ಸುಲಭ, ರಿಪೇರಿ ಕಷ್ಟ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಇಡೀ ಉತ್ತರ ಕನ್ನಡ ದನಿ ಎತ್ತಿತು. ತಲೆಗೆ ದೊಡ್ಡ ಪೆಟ್ಟು ಬಿದ್ದರೆ ಮಣಿಪಾಲವೋ ಹುಬ್ಬಳ್ಳಿಯೋ ಅಂತ ಗಾಡಿ ಹುಡುಕಿದ ಮನೆಗಳಿಗೆ ಅದರ ಅರ್ಥ ಗೊತ್ತು. ಪ್ಯಾರಡೈಸಿನ ಬಂಡೆಯಿಂದ ಗಾಯಾಳುವನ್ನು ರಸ್ತೆಗೆ ಹೊತ್ತು ತರುವುದರೊಳಗೇ ಒಂದು ಗಂಟೆ ಹೋಗುತ್ತದೆ. ಆಂಬುಲೆನ್ಸಿನ ಗಡಿಯಾರ ಶುರುವಾಗುವುದು ಅದಾದ ಮೇಲೆ.

'ಬಂದ್' ಅನ್ನುವ ಸುಲಭದ ದಾರಿ

ಈಗ ಅಂಗಡಿಯವರ ವಿಷಯಕ್ಕೆ ಬರೋಣ.

2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ 4 ವಿದ್ಯಾರ್ಥಿನಿಯರು ಕಡಲು ಪಾಲಾದರು. ಶಾಲೆಯ ಪ್ರವಾಸ. ಕಡಲು ನೋಡುವ ಆಸೆಯಿಂದ ಬಂದ ಮಕ್ಕಳು. ರಾಜ್ಯವೇ ಮರುಗಿತು. ಆಮೇಲೆ ಆದದ್ದೇನು? ಬೀಚಿಗೆ ಪ್ರವಾಸಿಗರ ಪ್ರವೇಶ ಬಂದ್. ಡಿಸೆಂಬರ್ ಅಂದರೆ ಅಂಗಡಿಯವರ ಸುಗ್ಗಿ. ಕಡಲೆ ಮಾರುವವನು, ಟೋಪಿ ಮಾರುವವಳು, ಆಟೋದವನು, ಎಲ್ಲರೂ ಕೈ ಕಟ್ಟಿ ಕೂತರು. ಆ ಕ್ರಮ ತಪ್ಪು ಅನ್ನಲು ಬಾಯಿ ಬರುವುದಿಲ್ಲ. ನಾಲ್ಕು ಮಕ್ಕಳ ಹೆಣದ ಮುಂದೆ ವ್ಯಾಪಾರದ ಮಾತು ಆಡುವವರು ಯಾರು? ಆದರೆ ಮೊದಲೇ ಹಗ್ಗ ಕಟ್ಟಿ, ಬಾವುಟ ನೆಟ್ಟು, ಇಲ್ಲಿ ಇಳಿಯಬಹುದು ಇಲ್ಲಿ ಇಳಿಯಬಾರದು ಅಂತ ಗೆರೆ ಎಳೆದಿದ್ದರೆ ಬೀಗ ಹಾಕುವ ಪ್ರಮೇಯ ಬರುತ್ತಿತ್ತೆ ಅನ್ನುವ ಪ್ರಶ್ನೆ ಉಳಿಯುತ್ತದೆ.

ಗುಡ್ಡದ ಮೇಲೂ ಇದೇ ಕಥೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಜನ ಒಮ್ಮೆಲೇ ಸೇರಿದರು. ಜಾತ್ರೆಯ ನೂಕುನುಗ್ಗಲು. ಕೂಡಲೇ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ತಡೆಹಿಡಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆ ಆನ್‌ಲೈನ್ ಟಿಕೆಟ್ಟಿನ ವ್ಯವಸ್ಥೆ ತಂದಿತು. ಒಂದು ಹಾದಿಗೆ ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಬಂತು.

ಕಡಲ ಹಾದಿಗೆ ಅಂಥ ಗೇಟು ಹಾಕಲು ಬರುವುದಿಲ್ಲ. ನಾಲ್ಕೂ ಕಡೆಯಿಂದ ಜನ ಬರುವ ಹಾದಿಗೆ ಟಿಕೆಟ್ ಹರಿಯುವವರು ಎಲ್ಲಿ ಕೂರಬೇಕು? ಹಾಗಾಗಿ ಇಲ್ಲಿ ಉಳಿಯುವುದು ಎರಡೇ ದಾರಿ. ಒಂದು, ನಡೆಯುವವರು ಲೆಕ್ಕ ಹಾಕಿ ನಡೆಯುವ ಹಾಗೆ ಮಾಡುವುದು. ಇನ್ನೊಂದು, ಹೆಣ ಬಿದ್ದಾಗಲೆಲ್ಲ ಬಂದ್ ಮಾಡುವುದು. ಎರಡನೆಯದಕ್ಕೆ ಒಂದು ಆದೇಶ, ಎರಡು ಬ್ಯಾರಿಕೇಡು ಸಾಕು. ಅದಕ್ಕೇ ಅದು ಸಲೀಸಾಗಿ ಕೈಗೆ ಬರುತ್ತದೆ. ಅದರ ಬಿಲ್ಲು ಕಟ್ಟುವವರು ಮಾತ್ರ ಸಣ್ಣ ಅಂಗಡಿಯವರು.

ನಡೆದು ಬರುವವನು ಒಳ್ಳೆಯ ಗಿರಾಕಿ

ನಡೆಯಲು ಬರುವವನು ದೊಡ್ಡ ದುಡ್ಡಿನವನಲ್ಲ, ಅವನಿಂದ ಏನು ಲಾಭ ಅನ್ನುವವರು ಇದ್ದಾರೆ. ಲೆಕ್ಕ ಹಾಕಿ ನೋಡಿದರೆ ಬೇರೆಯೇ ಕಾಣುತ್ತದೆ. ಕಾರಿನಲ್ಲಿ ಬಂದು ರೆಸಾರ್ಟಿನೊಳಗೆ ಹೋದವರ ದುಡ್ಡು ರೆಸಾರ್ಟಿನೊಳಗೇ ಉಳಿಯುತ್ತದೆ. ಬಸ್ಸಿನಲ್ಲಿ ಬಂದು ನಡೆಯುವವನು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಬನ್ಸು-ಚಹ ತೆಗೆದುಕೊಳ್ಳುತ್ತಾನೆ. ಹಾಲಕ್ಕಿ ಹೆಂಗಸರ ಬುಟ್ಟಿಯಿಂದ ಬಾಳೆಹಣ್ಣು, ಸೌತೆಕಾಯಿ. ಬೇಲೆಕಾನಕ್ಕೆ ಆಟೋ. ನಡುವೆ ಒಂದು ಎಳನೀರು. ಮಧ್ಯಾಹ್ನ ಸಣ್ಣ ಹೊಟೇಲಿನಲ್ಲಿ ಊಟ. ಸಂಜೆ ಪೇಟೆಯಲ್ಲಿ ಮನೆಗೆ ಒಂದು ಪೊಟ್ಟಣ. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ, ಐವತ್ತು ರೂಪಾಯಿ ಹೀಗೆ ಹತ್ತು ಕೈಗೆ ಹಂಚಿಹೋಗುವ ದುಡ್ಡು ಅದು. ಊರಿನಲ್ಲೇ ತಿರುಗುವ ದುಡ್ಡು.

ಇಂಥ ಗಿರಾಕಿ ಹೆಚ್ಚಾಗಿದ್ದಾನೆ. ಗಿರಾಕಿ ಹೆಂಗಸಾದರೆ ಇನ್ನೂ ಹೆಚ್ಚು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಗುಂಪು ಕಟ್ಟಿಕೊಂಡು ಗೋಕರ್ಣಕ್ಕೆ ಬರತೊಡಗಿದರು. ದೇವರ ದರ್ಶನ ಮುಗಿಸಿ ಕಡಲು ನೋಡೋಣ ಅನ್ನುತ್ತಾರೆ. ಇಡೀ ಹಾದಿ ಬೇಡ, ರಾಮತೀರ್ಥ ಹತ್ತಿ ಕುಡ್ಲೆ ನೋಡಿ ಬಂದರೂ ಅದೊಂದು ನಡಿಗೆಯೇ. ಅವರಿಗೆ ಯಾವ ಕಡೆ ಹೋಗಬೇಕು, ಎಷ್ಟು ಹೊತ್ತಿಗೆ ವಾಪಸ್ ಬರಬೇಕು ಅಂತ ಹೇಳುವ ಒಂದು ಬೋರ್ಡು ಇದ್ದರೆ ಎಷ್ಟು ಉಪಕಾರ!

ಕಸದ ಮಾತೂ ಇಲ್ಲೇ ಬರುತ್ತದೆ. ನಡೆಯುವವನು ನೀರಿನ ಬಾಟಲಿ ಕೊಳ್ಳುತ್ತಾನೆ, ಹಾಫ್ ಮೂನಿನಲ್ಲಿ ಬಿಸಾಡುತ್ತಾನೆ. ಕಸದ ಗಾಡಿ ಹೋಗದ ಜಾಗ ಅದು, ಹೊತ್ತು ತರುವವರು ಯಾರು? ಮುಂದಿನ ಭರತಕ್ಕೆ ಅದು ಕಡಲಿಗೆ. ಪಕ್ಕದ ಅಘನಾಶಿನಿ ಹೊಳೆಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಜಗತ್ತೇ ಕಾಪಾಡಬೇಕು ಅಂತ ಒಪ್ಪಿದ ಜೌಗು ನೆಲ. ಅಲ್ಲಿಯ ಬಳಚು ಹೆಕ್ಕಿ, ಗಜನಿಯಲ್ಲಿ ಕಗ್ಗ ಬೆಳೆದು, ಸಾಣಿಕಟ್ಟಾದಲ್ಲಿ ಉಪ್ಪು ಎತ್ತಿ ಬದುಕುವ ಮನೆಗಳಿವೆ. ಅವರ ತಟ್ಟೆಗೆ ಪ್ಲಾಸ್ಟಿಕ್ಕು ಹಾಕುವ ಹಕ್ಕು ಪ್ರವಾಸಿಗನಿಗೆ ಯಾರು ಕೊಟ್ಟರು?

ಇದಕ್ಕೆ ಅಂಗಡಿಯವರ ಹಳೆಯ ಬುದ್ಧಿಯೇ ಮದ್ದು. ಸೋಡಾ ಬಾಟಲಿಯ ಕಾಲದಲ್ಲಿ ಖಾಲಿ ಬಾಟಲಿ ವಾಪಸ್ ಕೊಟ್ಟರೆ ಡಿಪಾಜಿಟ್ಟು ವಾಪಸ್. ಅದೇ ಪದ್ಧತಿ ಇಲ್ಲೂ ಆಗಲಿ. ಬಾಟಲಿಗೆ ಹತ್ತು ರೂಪಾಯಿ ಹೆಚ್ಚು ಹಿಡಿಯುವುದು, ಗೋಕರ್ಣದಲ್ಲೋ ಬೇಲೆಕಾನದಲ್ಲೋ ಖಾಲಿ ಕೊಟ್ಟರೆ ಹತ್ತು ರೂಪಾಯಿ ಕೈಗೆ. ಬಿಸಾಡಿದವನದನ್ನು ಹೆಕ್ಕಿ ತಂದ ಹುಡುಗನಿಗೂ ಕಾಸು. ಒಬ್ಬ ಅಂಗಡಿಯವನು ಮಾಡಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಎಲ್ಲರೂ ಕೂಡಿ ಮಾಡಿದರೆ ಎಲ್ಲಿಗೆ ಹೋಗುತ್ತಾನೆ?

ಹಾದಿ ಯಾರದ್ದು?

ಹಾದಿಗೆ ವಾರಸುದಾರರು ಬಹಳ. ಗ್ರಾಮ ಪಂಚಾಯತಿ, ಪ್ರವಾಸೋದ್ಯಮ ಇಲಾಖೆ, ಅರಣ್ಯ ಇಲಾಖೆ, ಪೊಲೀಸು, ಕರಾವಳಿ ಕಾವಲು ಪಡೆ, ಬಂದರು ಇಲಾಖೆ. ಮರಳು ಒಬ್ಬರದ್ದು, ಗುಡ್ಡ ಇನ್ನೊಬ್ಬರದ್ದು, ನೀರು ಮತ್ತೊಬ್ಬರದ್ದು. ಅರಣ್ಯ ಎಲ್ಲಿ ಮುಗಿಯಿತು, ಖಾಸಗಿ ಜಾಗ ಎಲ್ಲಿ ಶುರುವಾಯಿತು ಅಂತ ದಾರಿಹೋಕನಿಗೆ ತಿಳಿಯುವುದಿಲ್ಲ. ಹತ್ತು ಜನ ಸಾಕಿದ ಹಸು ಉಪವಾಸ ಅನ್ನುವ ಹಾಗೆ, ಇಷ್ಟು ಜನ ಇದ್ದೂ ಹಾದಿಗೆ ಹೇಳುವವರು ಕೇಳುವವರು ಇಲ್ಲ.

ಕೋಟಿ ರೂಪಾಯಿಯ ಯೋಜನೆ ಬೇಡ. ಕೇಬಲ್ ಕಾರು ಬೇಡ, ಗಾಜಿನ ಸೇತುವೆ ಬೇಡ, ಕಾಂಕ್ರೀಟು ಹಾಸುವುದಂತೂ ಬೇಡವೇ ಬೇಡ. ಕಾಂಕ್ರೀಟು ಬಿದ್ದ ದಿನ ಅದು ಹಾದಿಯಾಗಿ ಉಳಿಯುವುದಿಲ್ಲ, ರಸ್ತೆಯಾಗುತ್ತದೆ. ಬೇಕಾದ್ದು ಸಣ್ಣ ಸಣ್ಣದು. ಐದು ದಂಡೆಗೆ ಐದು ಬೋರ್ಡು, ಕನ್ನಡದಲ್ಲಿ ದೊಡ್ಡದಾಗಿ: ಮುಂದಿನ ದಂಡೆಗೆ ಎಷ್ಟು ನಿಮಿಷ, ರಸ್ತೆ ಯಾವ ಕಡೆ, ಸೆಳೆತ ಎಲ್ಲಿದೆ, ಯಾವ ಹೊತ್ತಿನ ಮೇಲೆ ಮುಂದೆ ಹೋಗಬಾರದು. ಹಾದಿ ಕವಲೊಡೆಯುವ ಕಡೆ ಬಂಡೆಯ ಮೇಲೆ ಸುಣ್ಣದ ಬಾಣದ ಗುರುತು. ಗೋಕರ್ಣ ಬಸ್ ಸ್ಟ್ಯಾಂಡಿನಲ್ಲಿ ಒಂದು ಕರಿಹಲಗೆ. ಅದರ ಮೇಲೆ ದಿನಾ ಬೆಳಿಗ್ಗೆ ನಾಲ್ಕೇ ಸಾಲು: ಭರತ ಎಷ್ಟು ಗಂಟೆಗೆ, ಇಳಿತ ಎಷ್ಟು ಗಂಟೆಗೆ, ಸೂರ್ಯಾಸ್ತ ಎಷ್ಟು ಗಂಟೆಗೆ, ಕುಮಟಾ-ಅಂಕೋಲಾ ಕಡೆಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ. ಒಂದು ಸೀಮೆಸುಣ್ಣದ ಖರ್ಚು. ಭಾನುವಾರ ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಗೋಕರ್ಣದಿಂದ ಬೇಲೆಕಾನದ ಕಡೆಗೆ ಒಂದು ಬಸ್ಸು ಗೊತ್ತಾದ ಹೊತ್ತಿಗೆ ಹೊರಟರೆ, ಜನ ತಾವಾಗಿಯೇ ಸರಿಯಾದ ದಿಕ್ಕಿನಿಂದ ನಡೆಯತೊಡಗುತ್ತಾರೆ. ಉಪದೇಶ ಮಾಡದ ಕೆಲಸವನ್ನು ಬಸ್ಸು ಮಾಡುತ್ತದೆ.

ಜೀವರಕ್ಷಕರ ವಿಷಯದಲ್ಲೂ ಅಷ್ಟೇ. ಜನ ಸೇರುವ ಕುಡ್ಲೆ, ಓಂ ಬೀಚಿಗೆ ಇರುವ ಕಣ್ಣು ಹಾಫ್ ಮೂನ್, ಪ್ಯಾರಡೈಸಿನ ಕಡೆಗೂ ರಜೆಯ ದಿನಗಳಲ್ಲಾದರೂ ಹೊರಳಬೇಕು. ಕಡಲು ಬಲ್ಲ ಮೀನುಗಾರರ ಹುಡುಗರು ಊರಲ್ಲೇ ಇದ್ದಾರೆ. ಅವರಿಗೆ ಸರಿಯಾದ ಸಂಬಳ, ಒಂದು ಹಗ್ಗ, ಒಂದು ತೇಲುಬೆಂಡು ಕೊಟ್ಟರೆ ಊರಿಗೂ ಕೆಲಸ, ಬಂದವರಿಗೂ ಜೀವ.

ಅಷ್ಟರ ತನಕ? ಬೋರ್ಡು ಬರುವ ತನಕ ಕಾಯುತ್ತ ಕೂತರೆ ಫೆಬ್ರವರಿ ಮುಗಿದುಹೋಗುತ್ತದೆ. ಹೋಗುವವರು ಹೋಗಲಿ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಲಿ. ತದಡಿಯಲ್ಲೋ ಬೇಲೆಕಾನದಲ್ಲೋ ಬಲೆ ಬಿಡಿಸುತ್ತ ಕೂತ ಹಿರಿಯರನ್ನು, ಅಜ್ಜಾ, ಇವತ್ತು ನೀರು ಯಾವಾಗ ಏರುತ್ತದೆ ಅಂತ ಒಂದು ಮಾತು ಕೇಳಲಿ. ಕೇಳಿದವರಿಗೆ ಹೇಳದವರು ಈ ದಡದಲ್ಲಿ ಯಾರೂ ಇಲ್ಲ. ಅಂಗಡ್ಯವರೂ ಅಷ್ಟೇ, ಬಾಟಲಿ ಕೊಟ್ಟು ಚಿಲ್ಲರೆ ಎಣಿಸುವಾಗ, ಐದು ಗಂಟೆಯೊಳಗೆ ಓಂ ಬೀಚಿಗೆ ಬಂದುಬಿಡಿ ಅಂತ ಒಂದು ಮಾತು ಸೇರಿಸಲಿ. ಆ ಮಾತಿಗೆ ಬಿಲ್ಲು ಹಾಕುವ ಹಾಗಿಲ್ಲ. ಆದರೆ ಬೀಚು ಬಂದ್ ಆಗದೆ ಉಳಿದ ದಿನದ ವ್ಯಾಪಾರದಲ್ಲಿ ಅದು ವಸೂಲಾಗುತ್ತದೆ.

ಸಂಬಂಧಪಟ್ಟವರು ಒಂದು ಕರಿಹಲಗೆಯನ್ನಾದರೂ ತೂಗು ಹಾಕುವರೇ?